ಶಸ್ತ್ರಚಿಕಿತ್ಸೆಯ ಉಪಕರಣಗಳ ಶುದ್ಧಿ: ದಂಪತಿಗಳು ತಿಳಿದಿರಬೇಕಾದ ಸಂಗತಿಗಳು

ಬೇಕಾದಷ್ಟು ಮಕ್ಕಳಾದ ಮೇಲೆ ಸಂತಾನಹರಣ ಶಸ್ತ್ರಚಿಕಿತ್ಸೆಗಾಗಿ ಆಸ್ಪತ್ರೆಗೆ ಬರುವ ಗಂಡಹೆಂಡಿರು ವೈದ್ಯರನ್ನು ಹಲವು ಪ್ರಶ್ನೆಗಳನ್ನು ಕೇಳುತ್ತಾರೆ. ನೋವು ಎಷ್ಟಿರುತ್ತದೆ, ಎಷ್ಟು ದಿನ ಹೊಲದ ಕೆಲಸ ಬಿಡಬೇಕು, ಮೈಯ ಶಕ್ತಿ ಕುಂದುವುದೇ, ಮನೆಗೆ ಯಾವಾಗ ಕಳುಹಿಸುತ್ತೀರಿ ಎಂದು ಕೇಳುತ್ತಾರೆ. ಇವೆಲ್ಲವೂ ಕೇಳಬೇಕಾದ ಪ್ರಶ್ನೆಗಳೇ. ಇವುಗಳಿಗೆ ಉತ್ತರ ಹೇಳುವುದು ನಮ್ಮ ಕರ್ತವ್ಯ. ಆದರೆ ಸರ್ಕಾರಿ ವೈದ್ಯಾಧಿಕಾರಿಯಾಗಿ ನಾನು ಸೇವೆ ಸಲ್ಲಿಸಿದ ಇಷ್ಟು ವರ್ಷಗಳಲ್ಲಿ ಬಹಳ ಅಪರೂಪವಾಗಿ ಕೇಳಿಬಂದ ಪ್ರಶ್ನೆಯೊಂದಿದೆ. “ಡಾಕ್ಟರೇ, ನನ್ನ ಹೆಂಡತಿಗೆ ಬಳಸುವ ಕತ್ತರಿ, ಚಿಮುಟಗಳನ್ನು ಹಿಂದಿನವರಿಗೆ ಬಳಸಿದ ಮೇಲೆ ಹೇಗೆ ಶುದ್ಧ ಮಾಡಿದ್ದೀರಿ?” ಎಂಬುದೇ ಆ ಪ್ರಶ್ನೆ. ಇಂದು ಅದರ ಬಗೆಗೆ ತಮ್ಮೊಡನೆ ನಾಲ್ಕು ಮಾತು ಆಡಬೇಕೆಂದಿದ್ದೇನೆ.

ಅದಕ್ಕೆ ಮೊದಲು ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ನಾನು ಸೇವೆಗೆ ಸೇರಿದ ಹೊಸತರಲ್ಲಿ ಒಂದು ಆಸ್ಪತ್ರೆಯಲ್ಲಿ ಉದರದರ್ಶಕದ ಮೂಲಕ ಸ್ತ್ರೀಯರಿಗೆ ಸಂತಾನಹರಣ ಚಿಕಿತ್ಸೆ ನಡೆಯುತ್ತಿತ್ತು. ಉದರದರ್ಶಕವೆಂದರೆ ತಾವು ಲ್ಯಾಪ್ರೋಸ್ಕೋಪ್ ಎಂದು ಕೇಳಿರುವ ಸಣ್ಣ ದುರ್ಬೀನು. ಹೊಕ್ಕುಳಿನ ಬಳಿ ಚಿಕ್ಕ ರಂಧ್ರವನ್ನು ಮಾಡಿ, ಅದರ ಮೂಲಕ ಈ ದುರ್ಬೀನನ್ನು ಒಳಗೆ ಇಳಿಸಿ, ಗರ್ಭನಾಳಗಳನ್ನು ಕಂಡು ಮುಚ್ಚಲಾಗುತ್ತದೆ. ಶಸ್ತ್ರಚಿಕಿತ್ಸೆ ಮಾಡುತ್ತಿದ್ದವರು ಹೊರಗಿನಿಂದ ಬಂದಿದ್ದ ಹಿರಿಯ ತಜ್ಞರು. ಒಬ್ಬರಿಗೆ ಬಳಸಿದ ಉಪಕರಣವನ್ನು ತೊಳೆದು, ಕ್ರಿಮಿನಾಶಕ ದ್ರಾವಣದಲ್ಲಿ ಪೂರ್ತಿ 20 ನಿಮಿಷ ಮುಳುಗಿಸಿಟ್ಟು, ಆಮೇಲೆ ಮುಂದಿನವರಿಗೆ ಕೊಡಬೇಕಾಗಿತ್ತು. ಗಡಿಯಾರ ನೋಡುವ ಕೆಲಸ ನನ್ನದಾಗಿತ್ತು.

ಅಂದು ಸಂಜೆಯಾಗುತ್ತ ಬಂದಿತ್ತು. ಹೊರಗೆ ಜಗಲಿಯ ಮೇಲೆ ಕುಳಿತಿದ್ದವರಿಗೆ ಊರಿಗೆ ಹೋಗುವ ಕೊನೆಯ ಬಸ್ಸಿನ ಚಿಂತೆ. ಒಳಗಿದ್ದವರಿಗೆ ಪಟ್ಟಿ ಮುಗಿಸುವ ಚಿಂತೆ. ಹಿರಿಯ ಶುಶ್ರೂಷಕಿಯವರು, “ಸಾರ್, ಇನ್ನೂ ಹತ್ತು ನಿಮಿಷ ಬಾಕಿ ಇದೆ” ಎಂದರು. ನಾನು, “ಸಾಕು ಸಿಸ್ಟರ್, ತೆಗೆಯಿರಿ” ಎಂದುಬಿಟ್ಟೆ. ಅವರು ಒಂದು ಕ್ಷಣ ನನ್ನ ಮುಖವನ್ನು ನೋಡಿ ತೆಗೆದರು.

ನಾಲ್ಕನೆಯ ದಿನ ಒಬ್ಬ ತಾಯಿಯನ್ನು ಆಕೆಯ ಗಂಡನು ಎತ್ತಿಕೊಂಡು ಬಂದನು. ಜ್ವರ ಏರಿತ್ತು, ಹೊಟ್ಟೆ ಉಬ್ಬಿ ಗಟ್ಟಿಯಾಗಿತ್ತು, ನಾಡಿ ವೇಗವಾಗಿ ಓಡುತ್ತಿತ್ತು. ಜಿಲ್ಲಾ ಆಸ್ಪತ್ರೆಗೆ ಕಳುಹಿಸಿದೆವು. ಅಲ್ಲಿ ಮತ್ತೆ ಹೊಟ್ಟೆಯನ್ನು ತೆರೆದು ಕೀವನ್ನು ತೆಗೆಯಬೇಕಾಯಿತು. ಆಕೆ ಬದುಕಿದಳು. ಆದರೆ ಮೂರು ವಾರಕ್ಕೂ ಹೆಚ್ಚು ಕಾಲ ಹಾಸಿಗೆ ಹಿಡಿದಳು. ಮನೆಯಲ್ಲಿದ್ದ ಕರೆಯುವ ಹಸು ಮಾರಾಟವಾಯಿತು. ಎರಡು ಮಕ್ಕಳು ಅಜ್ಜಿಯ ಮನೆಯಲ್ಲಿ ತಾಯಿಗಾಗಿ ಅತ್ತುಕೊಂಡಿದ್ದವು. ಅಂದು ಹತ್ತು ನಿಮಿಷ ಮೊದಲೇ ತೆಗೆದ ಉಪಕರಣದಿಂದಲೇ ಸೋಂಕು ತಗುಲಿತೆಂದು ಪ್ರಮಾಣ ಮಾಡಿ ಹೇಳಲು ಯಾರಿಂದಲೂ ಆಗದು. ಅಲ್ಲವೆಂದು ಹೇಳಲೂ ನನ್ನಿಂದ ಆಗದು. ನಾನು ನಡೆದುದನ್ನು ಆಕೆಯ ಗಂಡನಿಗೆ ತಿಳಿಸಿದಾಗ ಆತನು ಕೂಗಾಡಲಿಲ್ಲ. “ಸ್ವಾಮೀ, ಇನ್ನು ಸ್ವಲ್ಪ ಹೊತ್ತು ಕಾಯಿರಿ ಎಂದು ತಾವು ಒಂದು ಮಾತು ಹೇಳಿದ್ದರೆ ನಾವು ಕಾಯುತ್ತಿರಲಿಲ್ಲವೇ?” ಎಂದಷ್ಟೇ ಕೇಳಿದನು. ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಇಂದಿನ ನನ್ನ ಮಾತೆಲ್ಲ ಆತನಿಗೆ ಕೊಡಬೇಕಾಗಿದ್ದ ಉತ್ತರವೆಂದು ತಾವು ತಿಳಿಯಬಹುದು.

ಶುದ್ಧಿ ಎಂದರೇನು ಎಂಬುದನ್ನು ಮೊದಲು ನೋಡೋಣ. ಕಣ್ಣಿಗೆ ಹೊಳೆಯುವುದೆಲ್ಲ ಶುದ್ಧವಲ್ಲ. ರೋಗಾಣುಗಳು ಬರಿಯ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು. ನಮ್ಮ ಚರ್ಮದ ಮೇಲೆ, ಮೂಗಿನಲ್ಲಿ, ಉಗುರಿನ ಸಂದಿಯಲ್ಲಿ, ಕರುಳಿನಲ್ಲಿ, ನೆಲದ ಧೂಳಿನಲ್ಲಿ ಅವು ಸದಾ ಇರುತ್ತವೆ. ಚರ್ಮದ ಮೇಲಿರುವಷ್ಟು ಹೊತ್ತು ಅವುಗಳಲ್ಲಿ ಹೆಚ್ಚಿನವು ನಮಗೆ ತೊಂದರೆ ಕೊಡುವುದಿಲ್ಲ. ಚರ್ಮವೆಂಬುದು ಮನೆಗೆ ಹಾಕಿದ ಬಾಗಿಲಿನಂತೆ. ಶಸ್ತ್ರಚಿಕಿತ್ಸೆ ಮಾಡುವಾಗ ವೈದ್ಯರು ತಮ್ಮ ಕೈಯಾರೆ ಆ ಬಾಗಿಲನ್ನು ತೆರೆಯುತ್ತಾರೆ. ತೆರೆದ ಬಾಗಿಲಿನಿಂದ ಒಳಹೋಗುವ ಪ್ರತಿಯೊಂದು ವಸ್ತುವೂ ರೋಗಾಣುರಹಿತವಾಗಿರಬೇಕು. ಇಲ್ಲವಾದರೆ ಗುಣಪಡಿಸಬೇಕಾದ ಉಪಕರಣವೇ ರೋಗವನ್ನು ಹೊತ್ತು ಒಳಗೆ ಬಿಟ್ಟುಬರುತ್ತದೆ.

ಅಷ್ಟು ಸಣ್ಣ ಜೀವಿಯಿಂದ ಇಷ್ಟೊಂದು ಹಾನಿಯೇ ಎಂದು ತಮಗೆ ಅನಿಸಬಹುದು. ತಾಯಂದಿರೇ, ತಾವು ರಾತ್ರಿ ಒಂದು ಪಾತ್ರೆ ಹಾಲಿಗೆ ಒಂದೇ ಚಮಚ ಹೆಪ್ಪು ಹಾಕುತ್ತೀರಿ. ಬೆಳಗಾಗುವಷ್ಟರಲ್ಲಿ ಪಾತ್ರೆಯ ಹಾಲೆಲ್ಲ ಮೊಸರಾಗಿರುತ್ತದೆ. ಹೆಪ್ಪಿನಲ್ಲಿದ್ದ ಸೂಕ್ಷ್ಮಜೀವಿಗಳು ಬೆಚ್ಚಗಿನ ಹಾಲಿನಲ್ಲಿ ರಾತ್ರಿಯಿಡೀ ವೃದ್ಧಿಯಾಗಿರುತ್ತವೆ. ಮೊಸರಿನ ಜೀವಿಗಳು ನಮಗೆ ಹಿತಕರ. ಆದರೆ ರೋಗಾಣುಗಳು ವೃದ್ಧಿಯಾಗುವ ರೀತಿಯೂ ಇದೇ. ಅನುಕೂಲವಾದ ಶಾಖ, ತೇವ, ಆಹಾರ ದೊರೆತರೆ ಕೆಲವು ರೋಗಾಣುಗಳು 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತವೆ. ಒಂದು ಎರಡಾಗಿ, ಎರಡು ನಾಲ್ಕಾಗಿ, ಗಂಟೆಗೆ ಎಂಟಾಗುತ್ತದೆ. ಇದೇ ಲೆಕ್ಕದಲ್ಲಿ ಏಳು ಗಂಟೆಗಳಲ್ಲಿ ಒಂದೇ ರೋಗಾಣುವಿನಿಂದ 20 ಲಕ್ಷಕ್ಕೂ ಹೆಚ್ಚು ಹುಟ್ಟಬಲ್ಲವು. ಕತ್ತರಿಯ ಸಂದಿಯಲ್ಲಿ ಉಳಿದ ಸಾಸಿವೆಯಷ್ಟು ರಕ್ತದಲ್ಲಿ ಎಷ್ಟು ರೋಗಾಣುಗಳಿರಬಹುದೆಂದು ತಾವೇ ಊಹಿಸಿರಿ.

ಈ ತಿಳಿವಳಿಕೆ ವೈದ್ಯರಿಗೂ ಸುಲಭವಾಗಿ ಬಂದುದಲ್ಲ. 1847ರಲ್ಲಿ ಯೂರೋಪಿನ ವಿಯೆನ್ನಾ ನಗರದ ದೊಡ್ಡ ಆಸ್ಪತ್ರೆಯಲ್ಲಿ ಇಗ್ನಾಜ್ ಸೆಮೆಲ್‌ವೈಸ್ ಎಂಬ ವೈದ್ಯರಿದ್ದರು. ಅಲ್ಲಿ ಹೆರಿಗೆಯಾದ ತಾಯಂದಿರು ಬಾಣಂತಿ ಜ್ವರದಿಂದ ಸಾಯುತ್ತಿದ್ದರು. ಆ ವರ್ಷದ ಏಪ್ರಿಲ್ ತಿಂಗಳಲ್ಲಿ ಅವರ ವಿಭಾಗದಲ್ಲಿ ನೂರು ಮಂದಿಗೆ ಸುಮಾರು 18 ತಾಯಂದಿರು ಸತ್ತರು. ವೈದ್ಯರೂ ವಿದ್ಯಾರ್ಥಿಗಳೂ ಶವಗಳನ್ನು ಕೊಯ್ದು ಪರೀಕ್ಷಿಸಿದ ಕೈಗಳಿಂದಲೇ ಬಂದು ಹೆರಿಗೆ ಮಾಡಿಸುತ್ತಿದ್ದರು. ಸೆಮೆಲ್‌ವೈಸರು ಎಲ್ಲರೂ ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಯಬೇಕೆಂದು ಕಟ್ಟಳೆ ಮಾಡಿದರು. ತಮ್ಮ ಊರಿನ ಬಾವಿಗೆ ಹಾಕುವ ಬ್ಲೀಚಿಂಗ್ ಪುಡಿಯೂ ಇದೇ ಜಾತಿಯ ವಸ್ತು. ಕೆಲವೇ ತಿಂಗಳಲ್ಲಿ ಸಾವು ನೂರಕ್ಕೆ ಸುಮಾರು ಎರಡಕ್ಕೆ ಇಳಿಯಿತು. ಆದರೂ ಆ ಕಾಲದ ಅನೇಕ ವೈದ್ಯರು ಇದನ್ನು ಒಪ್ಪಲಿಲ್ಲ. ತಮ್ಮ ಕೈ ಕೊಳಕೆಂದು ಹೇಳಿಸಿಕೊಳ್ಳಲು ಅವರಿಗೆ ಮನಸ್ಸು ಬರಲಿಲ್ಲ.

1865ರಲ್ಲಿ ಗ್ಲಾಸ್ಗೋ ನಗರದಲ್ಲಿ ಜೋಸೆಫ್ ಲಿಸ್ಟರ್ ಎಂಬ ಶಸ್ತ್ರವೈದ್ಯರು, ಗಾಡಿಯ ಚಕ್ರ ಹರಿದು ಕಾಲು ಮುರಿದಿದ್ದ 11 ವರ್ಷದ ಹುಡುಗನ ಗಾಯಕ್ಕೆ ಕಾರ್ಬಾಲಿಕ್ ಆಮ್ಲದ ಪಟ್ಟಿಯನ್ನು ಕಟ್ಟಿದರು. ಅಂತಹ ಗಾಯ ಕೀವಾಗಿ ಕಾಲನ್ನೇ ಕತ್ತರಿಸಬೇಕಾಗಿ ಬರುತ್ತಿದ್ದ ಆ ಕಾಲದಲ್ಲಿ, ಹುಡುಗನ ಗಾಯ ಕೀವಾಗದೆ ಮಾಯಿತು. ಮುಂದೆ ಲಿಸ್ಟರರು ಉಪಕರಣಗಳಿಗೂ ಕಾರ್ಬಾಲಿಕ್ ಆಮ್ಲವನ್ನು ಬಳಸಿದರು. 1879ರ ಸುಮಾರಿಗೆ ಫ್ರಾನ್ಸಿನಲ್ಲಿ ಲೂಯಿ ಪಾಶ್ಚರರ ಸಹೋದ್ಯೋಗಿ ಷಾರ್ಲ್ ಷಾಂಬರ್‌ಲಾನ್ ಎಂಬುವರು ಒತ್ತಡದ ಹಬೆಯಿಂದ ರೋಗಾಣುಗಳನ್ನು ಕೊಲ್ಲುವ ಪಾತ್ರೆಯನ್ನು ರೂಪಿಸಿದರು. ಅದೇ ಇಂದು ಆಸ್ಪತ್ರೆಗಳಲ್ಲಿರುವ ಆಟೋಕ್ಲೇವ್.

ಈಗ ನಮ್ಮ ಆಸ್ಪತ್ರೆಗಳಲ್ಲಿ ಉಪಕರಣಗಳನ್ನು ಶುದ್ಧಪಡಿಸುವ ಕ್ರಮವನ್ನು ಹೇಳುತ್ತೇನೆ. ಇದರಲ್ಲಿ ಯಾವ ಹಂತವನ್ನೂ ಬಿಡುವಂತಿಲ್ಲ.

ಮೊದಲನೆಯದು, ಬಳಸಿದ ಉಪಕರಣವನ್ನು ಒಣಗಲು ಬಿಡದೆ 0.5 ಶೇಕಡಾ ಕ್ಲೋರಿನ್ ದ್ರಾವಣದಲ್ಲಿ 10 ನಿಮಿಷ ಮುಳುಗಿಸಿಡುವುದು. ಇದರಿಂದ ತೊಳೆಯುವವರಿಗೂ ರಕ್ಷಣೆ ದೊರೆಯುತ್ತದೆ. ಎರಡನೆಯದು, ಕತ್ತರಿ ಇಕ್ಕಳಗಳ ಬಾಯನ್ನು ಬಿಡಿಸಿ, ಹಲ್ಲುಗಳ ಸಂದಿಯನ್ನೂ ಕೀಲನ್ನೂ ಬ್ರಷ್‌ನಿಂದ ಸೋಪುನೀರಿನಲ್ಲಿ ಉಜ್ಜಿ ತೊಳೆಯುವುದು. ಅನೇಕರು ಇದನ್ನು ಕೀಳು ಕೆಲಸವೆಂದು ತಿಳಿಯುತ್ತಾರೆ. ವಾಸ್ತವವಾಗಿ ಇದೇ ಅತಿ ಮುಖ್ಯವಾದುದು. ತಳಕ್ಕೆ ಹತ್ತಿದ ಅನ್ನದ ಸೀಕಲನ್ನು ಉಜ್ಜದೆ ಎಷ್ಟು ಬಿಸಿನೀರು ಹೊಯ್ದರೂ ಪಾತ್ರೆ ಶುದ್ಧವಾಗುವುದಿಲ್ಲವಷ್ಟೆ? ಹಾಗೆಯೇ ಒಣಗಿದ ರಕ್ತದ ಪೊರೆಯ ಕೆಳಗೆ ಅಡಗಿದ ರೋಗಾಣುಗಳನ್ನು ಔಷಧಿಯೂ ಹಬೆಯೂ ಚೆನ್ನಾಗಿ ಮುಟ್ಟಲಾರವು. ತೊಳೆಯದ ಉಪಕರಣವನ್ನು ಶುದ್ಧಪಡಿಸಲು ಸಾಧ್ಯವೇ ಇಲ್ಲ.

ಮೂರನೆಯದು, ಹಬೆಯ ಶುದ್ಧಿ. ತೊಳೆದು ಒಣಗಿಸಿದ ಉಪಕರಣಗಳನ್ನು ಬಟ್ಟೆಯಲ್ಲಿ ಸುತ್ತಿ ಆಟೋಕ್ಲೇವಿನಲ್ಲಿ ಇಡುತ್ತಾರೆ. ಅದು ಮನೆಯ ಕುಕ್ಕರಿನ ಅಣ್ಣನೆಂದು ತಿಳಿಯಿರಿ. ಚದರ ಅಂಗುಲಕ್ಕೆ 15 ಪೌಂಡು ಒತ್ತಡದಲ್ಲಿ ಹಬೆಯ ಶಾಖ 121 ಡಿಗ್ರಿ ಸೆಲ್ಸಿಯಸ್‌ಗೆ ಏರುತ್ತದೆ. ಸುತ್ತದ ಉಪಕರಣಗಳಿಗೆ 20 ನಿಮಿಷ, ಸುತ್ತಿದ ಗಂಟುಗಳಿಗೆ 30 ನಿಮಿಷ ಈ ಶಾಖ ಬೇಕು. ಈ ಸಮಯವನ್ನು ಒಲೆ ಹಚ್ಚಿದಾಗಿನಿಂದ ಎಣಿಸಬಾರದು. ಶಾಖವೂ ಒತ್ತಡವೂ ಪೂರ್ತಿ ಏರಿದ ಮೇಲೆ ಎಣಿಸಬೇಕು. ಗಂಟುಗಳನ್ನು ಒತ್ತೊತ್ತಾಗಿ ತುರುಕಲೂಬಾರದು. ಇಡ್ಲಿ ತಟ್ಟೆಗಳ ನಡುವೆ ಹಬೆ ಆಡಲು ಜಾಗವಿಲ್ಲದಿದ್ದರೆ ಮಧ್ಯದ ಇಡ್ಲಿ ಹಸಿಯಾಗಿ ಉಳಿಯುವಂತೆ, ತುರುಕಿದ ಗಂಟಿನ ನಡುವೆ ರೋಗಾಣುಗಳು ಉಳಿಯುತ್ತವೆ.

“ಕುದಿಯುವ ನೀರಿನಲ್ಲಿ ಹಾಕಿದರೆ ಸಾಲದೇ?” ಎಂದು ಕೆಲವರು ಕೇಳುತ್ತಾರೆ. ಇಪ್ಪತ್ತು ನಿಮಿಷ ಕುದಿಸಿದರೆ ಬಹುಪಾಲು ರೋಗಾಣುಗಳು ಸಾಯುತ್ತವೆ, ನಿಜ. ಆದರೆ ಧನುರ್ವಾಯುವಿನಂತಹ ಕೆಲವು ರೋಗಾಣುಗಳು ಕಷ್ಟಕಾಲದಲ್ಲಿ ಗಟ್ಟಿಯಾದ ಬೀಜದ ರೂಪವನ್ನು ತಾಳುತ್ತವೆ. ಹಿಂದೆ ನಮ್ಮ ರೈತರು ಹಗೇವಿನಲ್ಲಿ ತುಂಬಿಟ್ಟ ರಾಗಿ ವರ್ಷಗಟ್ಟಲೆ ಸತ್ತಂತೆ ಬಿದ್ದಿದ್ದರೂ ಕೆಡದೆ ಉಳಿಯುತ್ತಿತ್ತಲ್ಲವೆ? ಈ ಬೀಜರೂಪದ ರೋಗಾಣುಗಳೂ ಹಾಗೆಯೇ ಕುದಿಯುವ ನೀರಿನಲ್ಲಿ ಬದುಕಿ ಉಳಿದು, ಗಾಯದೊಳಗೆ ಅನುಕೂಲ ಸಿಕ್ಕೊಡನೆ ಮೊಳೆಯುತ್ತವೆ. ಅವುಗಳನ್ನು ಕೊಲ್ಲಲು ಒತ್ತಡದ ಹಬೆಯಂತಹ ವಿಧಾನ ಬೇಕು.

ನಾಲ್ಕನೆಯದು, ಶುದ್ಧವಾದುದನ್ನು ಶುದ್ಧವಾಗಿಯೇ ಕಾಪಾಡುವುದು. ಆಟೋಕ್ಲೇವಿನಿಂದ ಹೊರಬಂದ ಗಂಟು ಒಣಗಿರಬೇಕು. ಒದ್ದೆ ಬಟ್ಟೆಯ ಮೂಲಕ ಹೊರಗಿನ ರೋಗಾಣುಗಳು ಒಳಗೆ ಇಳಿಯುತ್ತವೆ. ಉಪ್ಪಿನಕಾಯಿ ಜಾಡಿಯನ್ನು ಬಿಸಿಲಿನಲ್ಲಿ ಒಣಗಿಸಿ ತುಂಬುವ, ಒದ್ದೆ ಸೌಟನ್ನು ಅದಕ್ಕೆ ತಾಗಿಸಗೊಡದ ಗೃಹಿಣಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಂಟಿನ ಮೇಲೆ ಶುದ್ಧಿಯ ದಿನಾಂಕವನ್ನು ಬರೆದಿರುತ್ತಾರೆ. ಬಿಚ್ಚದ ಗಂಟನ್ನು ಒಂದು ವಾರದೊಳಗೆ ಬಳಸಬೇಕು. ತೆರೆದ ಡ್ರಮ್ಮಿನ ವಸ್ತುಗಳನ್ನು 24 ಗಂಟೆಗಳ ಬಳಿಕ ಮತ್ತೆ ಶುದ್ಧಪಡಿಸಬೇಕು. ಹರಿದ, ಒದ್ದೆಯಾದ, ನೆಲಕ್ಕೆ ಬಿದ್ದ ಗಂಟನ್ನು ಬಳಸಲೇಬಾರದು. ಗಂಟಿಗೆ ಅಂಟಿಸುವ ಪಟ್ಟಿಯ ಮೇಲೆ ಹಬೆಯ ಶಾಖಕ್ಕೆ ಕಪ್ಪು ಗೆರೆಗಳು ಮೂಡುತ್ತವೆ. ಗೆರೆ ಮೂಡಿದರೆ ಗಂಟು ಶಾಖವನ್ನು ಕಂಡಿದೆ ಎಂದಷ್ಟೇ ಅರ್ಥ. ಒಳಗಿನ ಎಲ್ಲವೂ ಶುದ್ಧವಾಗಿದೆಯೇ ಎಂದು ತಿಳಿಯಲು ಒತ್ತಡ, ಶಾಖ, ಸಮಯಗಳ ದಾಖಲೆಯನ್ನೂ ನೋಡಬೇಕು; ಆಗಾಗ ಬೀಜರೂಪದ ಸೂಕ್ಷ್ಮಜೀವಿಗಳನ್ನೇ ಯಂತ್ರದೊಳಗೆ ಇಟ್ಟು ಅವು ಸತ್ತವೆಯೇ ಎಂದು ಪರೀಕ್ಷಿಸಬೇಕು.

ಇನ್ನು ಉದರದರ್ಶಕದ ಮಾತು. ಅದರ ಗಾಜುಗಳು ಸೂಕ್ಷ್ಮವಾದವು. ಅನೇಕ ಉದರದರ್ಶಕಗಳು ಆಟೋಕ್ಲೇವಿನ ಶಾಖವನ್ನು ತಡೆಯಲಾರವು. ಆದುದರಿಂದ ಅವನ್ನು ಬಿಡಿಬಿಡಿಯಾಗಿ ಕಳಚಿ, ತೊಳೆದು, ಒಣಗಿಸಿ, 2 ಶೇಕಡಾ ಗ್ಲುಟರಾಲ್ಡಿಹೈಡ್ ದ್ರಾವಣದಲ್ಲಿ ಪೂರ್ತಿ ಮುಳುಗುವಂತೆ 20 ನಿಮಿಷ ಇಡುತ್ತಾರೆ. ಬೀಜರೂಪದ ರೋಗಾಣುಗಳೂ ಸಾಯಬೇಕಾದರೆ 8ರಿಂದ 10 ಗಂಟೆ ಬೇಕು. ಬಳಿಕ ರೋಗಾಣುರಹಿತ ನೀರಿನಲ್ಲಿ ತೊಳೆಯುತ್ತಾರೆ. ಆ ದ್ರಾವಣ ದೇಹದೊಳಗೆ ಹೋದರೆ ಉರಿಯೂತವಾಗುತ್ತದೆ. ತೊಳೆಯುವುದು, ಮುಳುಗಿಸುವುದು, ಮತ್ತೆ ತೊಳೆಯುವುದು ಸೇರಿ ಒಂದು ಉದರದರ್ಶಕಕ್ಕೆ ಒಬ್ಬರಿಂದ ಇನ್ನೊಬ್ಬರ ನಡುವೆ ಕನಿಷ್ಠ ಅರ್ಧ ಗಂಟೆ ಬೇಕೆಂದು ಇಟ್ಟುಕೊಳ್ಳಿ. ಇದಕ್ಕಾಗಿಯೇ ಕೇಂದ್ರ ಸರ್ಕಾರದ ಮಾರ್ಗಸೂಚಿಯು ಒಂದು ಉದರದರ್ಶಕದಿಂದ ದಿನಕ್ಕೆ 10 ಮಂದಿಗೆ ಮಾತ್ರ, ಮೂರು ಉದರದರ್ಶಕಗಳಿದ್ದರೂ ಒಂದು ತಂಡವು ದಿನಕ್ಕೆ 30 ಮಂದಿಗೆ ಮಾತ್ರ ಚಿಕಿತ್ಸೆ ಮಾಡಬೇಕೆಂದು ಮಿತಿ ಹಾಕಿದೆ.

ಈ ಮಿತಿಯನ್ನು ಮೀರಿದರೆ ಏನಾಗುತ್ತದೆ ಎಂಬುದಕ್ಕೆ ದೇಶವೇ ಕಂಡ ಒಂದು ದುರಂತವಿದೆ. 2014ರ ನವೆಂಬರ್ 8ರಂದು ಛತ್ತೀಸಗಢ ರಾಜ್ಯದ ಬಿಲಾಸಪುರ ಜಿಲ್ಲೆಯ ಒಂದು ಶಿಬಿರದಲ್ಲಿ ಕೆಲವೇ ಗಂಟೆಗಳಲ್ಲಿ 83 ಸ್ತ್ರೀಯರಿಗೆ ಒಬ್ಬರೇ ವೈದ್ಯರು ಸಂತಾನಹರಣ ಚಿಕಿತ್ಸೆ ಮಾಡಿದರು. ಒಂದೇ ಉದರದರ್ಶಕವನ್ನು ಬಳಸಲಾಯಿತೆಂದು ವರದಿಯಾಯಿತು. ಆ ದಿನಗಳಲ್ಲಿ ಆ ಜಿಲ್ಲೆಯ ಶಿಬಿರಗಳಲ್ಲಿ ಚಿಕಿತ್ಸೆ ಪಡೆದವರ ಪೈಕಿ 13 ಮಂದಿ ತಾಯಂದಿರು ಸತ್ತರು. ಕೊಟ್ಟ ಮಾತ್ರೆಗಳು ಕಾರಣವೋ ಸೋಂಕು ಕಾರಣವೋ ಎಂಬ ವಾದ ಬಹಳ ಕಾಲ ನಡೆಯಿತು. ಆದರೆ ನಾನು ಈಗ ಹೇಳಿದ ಲೆಕ್ಕವನ್ನು ತಾವೇ ಹಾಕಿ ನೋಡಿರಿ. ಅರ್ಧ ಗಂಟೆಗೆ ಒಬ್ಬರಂತೆ ಒಂದೇ ಉಪಕರಣವನ್ನು ನಿಯಮದಂತೆ ಶುದ್ಧಪಡಿಸುತ್ತ ಹೋಗಿದ್ದರೆ 83 ಮಂದಿಗೆ 40 ಗಂಟೆಗಳಿಗೂ ಹೆಚ್ಚು ಕಾಲ ಬೇಕಾಗುತ್ತಿತ್ತು. ಕೆಲವೇ ಗಂಟೆಗಳಲ್ಲಿ ಮುಗಿಯಿತೆಂದರೆ ಏನನ್ನು ಬಿಟ್ಟಿರಬೇಕೆಂಬುದು ಸ್ಪಷ್ಟ. 2016ರ ಸೆಪ್ಟೆಂಬರ್ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಇಂತಹ ಸಾಮೂಹಿಕ ಶಿಬಿರಗಳನ್ನು ಮೂರು ವರ್ಷಗಳೊಳಗೆ ನಿಲ್ಲಿಸಬೇಕೆಂದು ನಿರ್ದೇಶಿಸಿತು. ಶಸ್ತ್ರಚಿಕಿತ್ಸಾ ಕೊಠಡಿಯಿರುವ ಆಸ್ಪತ್ರೆಯಲ್ಲಿ, ಗೊತ್ತುಪಡಿಸಿದ ದಿನದಲ್ಲಿ, ಮಿತವಾದ ಸಂಖ್ಯೆಯಲ್ಲಿ ಚಿಕಿತ್ಸೆ ನಡೆಯುವುದೇ ಸರಿಯಾದ ಕ್ರಮ.

ಹಾಗಾದರೆ ಇದೆಲ್ಲ ವೈದ್ಯರ, ಶುಶ್ರೂಷಕಿಯರ ಕೆಲಸ. ನಾವೇನು ಮಾಡಬೇಕು ಎಂದು ತಾವು ಕೇಳಬಹುದು. ತಮ್ಮ ಪಾಲೂ ಚಿಕ್ಕದಲ್ಲ.

ಮೊದಲಾಗಿ, ಕೇಳಿರಿ. ಹಿಂದಿನವರಿಗೆ ಬಳಸಿದ ಉಪಕರಣವನ್ನು ಹೇಗೆ ಶುದ್ಧಪಡಿಸಿದ್ದೀರಿ, ಇಂದು ಎಷ್ಟು ಮಂದಿಗೆ ಚಿಕಿತ್ಸೆ ಇದೆ, ಎಷ್ಟು ಉದರದರ್ಶಕಗಳಿವೆ ಎಂದು ವಿನಯದಿಂದ, ಆದರೆ ಸಂಕೋಚವಿಲ್ಲದೆ ಕೇಳಿರಿ. ತಮ್ಮೊಡನೆ ಬರುವ ಆಶಾ ಕಾರ್ಯಕರ್ತೆಯ ಮೂಲಕವೂ ಕೇಳಿಸಬಹುದು. ಒಪ್ಪಿಗೆ ಪತ್ರಕ್ಕೆ ಸಹಿ ಅಥವಾ ಹೆಬ್ಬೆಟ್ಟು ಹಾಕುವ ಮುನ್ನ ಉತ್ತರ ಪಡೆಯುವ ಹಕ್ಕು ತಮಗಿದೆ. ಉತ್ತರ ಸಮಾಧಾನವಾಗದಿದ್ದರೆ ಇನ್ನೊಂದು ದಿನ ಬರುತ್ತೇವೆ ಎಂದು ಹೇಳುವ ಹಕ್ಕೂ ಇದೆ. ಈ ಚಿಕಿತ್ಸೆಯನ್ನು ಯಾರೂ ಯಾರಿಗೂ ಬಲವಂತ ಮಾಡುವಂತಿಲ್ಲ. ಅಲ್ಲಿಯವರೆಗೆ ನಿರೋಧ್, ಮಾತ್ರೆ, ವಂಕಿ ಮೊದಲಾದ ತಾತ್ಕಾಲಿಕ ವಿಧಾನಗಳಿವೆ.

ಎರಡನೆಯದಾಗಿ, ಅವಸರಪಡಿಸಬೇಡಿರಿ. ಆ ದಿನವನ್ನು ಪೂರ್ತಿಯಾಗಿ ಆಸ್ಪತ್ರೆಗೆಂದೇ ಮೀಸಲಿಡಿರಿ. ಸುಗ್ಗಿಯ ನಡುವೆ, ಜಾತ್ರೆಯ ಹಿಂದಿನ ದಿನ ಬರಬೇಡಿರಿ. “ಯಾಕೆ ತಡ?” ಎಂದು ಬಾಗಿಲು ಬಡಿಯುವವರು ಹೆಚ್ಚಾದಂತೆ ಒಳಗೆ ಗಡಿಯಾರ ನೋಡುವವರ ಮನಸ್ಸು ಸಡಿಲವಾಗುತ್ತದೆ. ನನ್ನ ಮನಸ್ಸು ಹಾಗೆಯೇ ಸಡಿಲವಾಯಿತು.

ಮೂರನೆಯದಾಗಿ, ರೋಗಾಣುಗಳನ್ನು ಆದಷ್ಟು ಮನೆಯಲ್ಲಿಯೇ ಬಿಟ್ಟು ಬನ್ನಿರಿ. ಚಿಕಿತ್ಸೆಯ ದಿನ ಸೋಪು ಹಚ್ಚಿ ಸ್ನಾನ ಮಾಡಿ, ಹೊಕ್ಕುಳವನ್ನು ಚೆನ್ನಾಗಿ ತೊಳೆದು, ಉಗುರು ಕತ್ತರಿಸಿ, ಒಗೆದು ಒಣಗಿಸಿದ ಬಟ್ಟೆ ಉಡಬೇಕು. ಮನೆಯಲ್ಲಿ ಬ್ಲೇಡಿನಿಂದ ಕೂದಲು ತೆಗೆಯಬೇಡಿರಿ. ಚರ್ಮದಲ್ಲಿ ಆಗುವ ಸಣ್ಣ ಗೀರುಗಳಲ್ಲಿ ರೋಗಾಣುಗಳು ನೆಲೆಸುತ್ತವೆ. ಜ್ವರ, ಕೆಮ್ಮು, ಮೈಮೇಲೆ ಕುರು, ಬಿಳುಪು ಹೋಗುವುದು, ಸಕ್ಕರೆ ಕಾಯಿಲೆ ಇದ್ದರೆ ಮುಚ್ಚಿಡದೆ ಹೇಳಿರಿ. ಶಸ್ತ್ರಚಿಕಿತ್ಸಾ ಕೊಠಡಿಯ ಬಾಗಿಲಲ್ಲಿ ಇಣುಕುವುದು, ಚಪ್ಪಲಿಯೊಡನೆ ಒಳಬರುವುದು ಬೇಡ. ಒಳಗಿರುವ ಜನ ಹೆಚ್ಚಿದಷ್ಟೂ ಗಾಳಿಯಲ್ಲಿ ರೋಗಾಣುಗಳು ಹೆಚ್ಚುತ್ತವೆ.

ನಾಲ್ಕನೆಯದಾಗಿ, ಮನೆಗೆ ಹೋದ ಮೇಲೆ ಗಾಯವನ್ನು ಒಣಗಿದಂತೆ ಇಡಿರಿ. ಅರಿಸಿನ, ಬೂದಿ, ಸಗಣಿ, ಎಣ್ಣೆ ಯಾವುದನ್ನೂ ಹಚ್ಚಬಾರದು. ಧೂಳು ಸಗಣಿಗಳಲ್ಲಿ ಧನುರ್ವಾಯುವಿನ ಬೀಜಗಳು ಇರುತ್ತವೆ. ಜ್ವರ ಬಂದರೆ, ಹೊಟ್ಟೆನೋವು ಹೆಚ್ಚುತ್ತ ಹೋದರೆ, ಹೊಟ್ಟೆ ಉಬ್ಬಿದರೆ, ವಾಂತಿ ನಿಲ್ಲದಿದ್ದರೆ, ಗಾಯ ಕೆಂಪೇರಿ ಕೀವು ಸೋರಿದರೆ ಬೆಳಗಾಗಲೆಂದು ಕಾಯದೆ ಆಗಲೇ ಆಸ್ಪತ್ರೆಗೆ ಬನ್ನಿರಿ. ಸೋಂಕಿನಲ್ಲಿ ಒಂದು ರಾತ್ರಿ ತಡವಾಗುವುದೆಂದರೆ ಹೆಪ್ಪು ಹಾಕಿದ ಹಾಲಿಗೆ ಒಂದು ರಾತ್ರಿ ಕೊಟ್ಟಂತೆ.

ಗಂಡಂದಿರಿಗೆ ವಿಶೇಷವಾಗಿ ಒಂದು ಮಾತು. ಪುರುಷರ ಸಂತಾನಹರಣ ಚಿಕಿತ್ಸೆಯಲ್ಲಿ ಹೊಟ್ಟೆಯನ್ನು ತೆರೆಯುವುದೇ ಇಲ್ಲ. ಚಾಕು ಹಾಕದೆ ಚರ್ಮದಲ್ಲಿ ಸಣ್ಣ ರಂಧ್ರ ಮಾಡಿ, ಕೆಲವೇ ನಿಮಿಷಗಳಲ್ಲಿ ಮುಗಿಸುವ ಚಿಕಿತ್ಸೆ ಅದು. ಉಪಕರಣಗಳೂ ಕೆಲವೇ, ಅವು ಆಟೋಕ್ಲೇವಿನಲ್ಲಿ ಸುಲಭವಾಗಿ ಶುದ್ಧವಾಗುತ್ತವೆ. ತೆರೆಯುವ ಬಾಗಿಲು ಚಿಕ್ಕದಾದಷ್ಟೂ ಅಪಾಯ ಕಡಿಮೆ. ಪುರುಷತ್ವಕ್ಕೆ ಯಾವ ಕುಂದೂ ಬಾರದು. ಮೂರು ತಿಂಗಳ ಕಾಲ ನಿರೋಧ್ ಬಳಸಿ, ವೀರ್ಯಪರೀಕ್ಷೆಯಲ್ಲಿ ವೀರ್ಯಾಣುಗಳಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು, ಅಷ್ಟೆ. ಹೆಂಡತಿಯನ್ನು ಮಂಚದ ಮೇಲೆ ಮಲಗಿಸುವ ಮುನ್ನ ಇದನ್ನೊಮ್ಮೆ ಇಬ್ಬರೂ ಕುಳಿತು ಆಲೋಚಿಸಿರಿ.

ಕೊನೆಯದಾಗಿ ಇನ್ನೊಂದು ದಿನದ ಸಂಗತಿ. ನಾನು ಈಗ ಕೆಲಸ ಮಾಡುವ ಆಸ್ಪತ್ರೆಯಲ್ಲಿ ಒಮ್ಮೆ ಆರು ಮಂದಿಗೆ ಚಿಕಿತ್ಸೆ ಗೊತ್ತಾಗಿತ್ತು. ಆಟೋಕ್ಲೇವಿನ ಒತ್ತಡ ಏರಿ ಇನ್ನೂ ಹತ್ತು ನಿಮಿಷವಾಗಿರಲಿಲ್ಲ, ವಿದ್ಯುತ್ ಹೋಯಿತು, ಜನರೇಟರ್ ಹತ್ತಲಿಲ್ಲ. ವಿದ್ಯುತ್ ಮರಳಿದಾಗ ಶುಶ್ರೂಷಕಿಯವರು, “ಮೊದಲಿನಿಂದ ಎಣಿಸಬೇಕು ಸಾರ್” ಎಂದರು. ಈ ಬಾರಿ ನಾನು ಹೊರಗೆ ಹೋಗಿ ಎಲ್ಲರನ್ನೂ ಕೂರಿಸಿ ಇದ್ದುದನ್ನು ಇದ್ದಂತೆ ಹೇಳಿದೆ. ಒಬ್ಬ ಗಂಡನಿಗೆ ಸಿಟ್ಟು ಬಂದಿತು. ಆಗ ಸೊಸೆಯೊಡನೆ ಬಂದಿದ್ದ ಒಬ್ಬ ಅಜ್ಜಿ ಆತನಿಗೆ, “ಅನ್ನವನ್ನೇ ಬೇಯದೆ ಇಳಿಸುವುದಿಲ್ಲ, ಇದನ್ನು ಇಳಿಸುವುದುಂಟೇನಪ್ಪಾ? ಕೂತುಕೊ” ಎಂದರು. ಆತನು ಕೂತನು. ನಾಲ್ವರು ಕಾದರು, ಇಬ್ಬರು ಮುಂದಿನ ವಾರ ಬರುತ್ತೇವೆಂದು ಹೋಗಿ, ಹೇಳಿದಂತೆಯೇ ಬಂದರು. ಆರು ಮಂದಿಯ ಗಾಯಗಳೂ ಸುಖವಾಗಿ ಮಾದವು.

ಮಾನ್ಯ ದಂಪತಿಗಳೇ, ಶುದ್ಧಿಗೆ ಬೇಕಾದ ವಸ್ತುಗಳು ಸೋಪು, ನೀರು, ಬ್ರಷ್, ಹಬೆ, ಗಡಿಯಾರ. ಇವುಗಳಲ್ಲಿ ಅತ್ಯಂತ ಸುಲಭವಾಗಿ ಕೈತಪ್ಪುವುದು ಗಡಿಯಾರ. ಅದನ್ನು ಒಳಗೆ ನಾವು ನೋಡುತ್ತೇವೆ, ಹೊರಗೆ ತಾವು ನೋಡಿರಿ. “ಇನ್ನು ಸ್ವಲ್ಪ ಹೊತ್ತು ಕಾಯಿರಿ” ಎಂದು ಹೇಳುವ ಧೈರ್ಯ ನಮಗಿರಲಿ. ಕಾಯುವ ತಾಳ್ಮೆ ತಮಗಿರಲಿ. ಚಿಕ್ಕ ಸಂಸಾರವನ್ನು ಬಯಸಿ ಆಸ್ಪತ್ರೆಗೆ ಬಂದ ತಾಯಿ, ಬಂದ ಆರೋಗ್ಯದೊಡನೆಯೇ ತನ್ನ ಮಕ್ಕಳ ಬಳಿಗೆ ಹಿಂದಿರುಗಲಿ ಎಂದು ಹಾರೈಸಿ ನನ್ನ ಮಾತನ್ನು ಮುಗಿಸುತ್ತೇನೆ.